ಟವೆಲ್ ಹಾಕಿದ ಸೀಟು

ಚಪ್ಪಲಿ ಹೊರಗೇ ಬಿಟ್ಟು ಬನ್ನಿ, ಒಳಗೆ ನೆಲವೆಲ್ಲ ಆಗಲೇ ಹಸಿಯಾಗಿದೆ. ಕೊಡೆಯನ್ನು ಆ ಮೂಲೆಗೆ ಒರಗಿಸಿ. ಕಿಟಕಿಯ ಪಕ್ಕದ ಕಟ್ಟೆ ಖಾಲಿ ಇದೆ. ಅಲ್ಲಿ ಕೂತರೆ ಲ್ಯಾಪ್‌ಟಾಪಿನ ಪರದೆಯೂ ಕಾಣುತ್ತದೆ, ಮೂವರ ಮುಖವೂ ಕಾಣುತ್ತದೆ. ಪರದೆಗಿಂತ ಮುಖ ನೋಡಿ ಎಂಬುದು ನನ್ನ ಸಲಹೆ.

2024ರ ಜೂನ್ 17, ಸೋಮವಾರ, ಸಂಜೆ ಏಳೂಕಾಲು. ಬಕ್ರೀದ್ ರಜೆ. ಧಾರವಾಡದ ಮಾಳಮಡ್ಡಿಯ ನಮ್ಮ ಹಂಚಿನ ಮನೆಯ ಮೇಲೆ ಮಧ್ಯಾಹ್ನದಿಂದ ಜಿಟಿಜಿಟಿ ಮಳೆ. ನಾನು ಪಿಯು ಕಾಲೇಜಿನಲ್ಲಿ ಫಿಸಿಕ್ಸ್ ಕಲಿಸಿ ನಿವೃತ್ತನಾದವನು. ಉಳಿದ ಹನ್ನೊಂದು ತಿಂಗಳು ನನ್ನನ್ನು ಕೇಳುವವರಿಲ್ಲ. ಜೂನ್ ಬಂತೆಂದರೆ ಮಾತ್ರ, ಕುಂಡಲಿ ಹಿಡಿದು ಜೋಯಿಸರ ಮನೆಗೆ ಹೋದ ಹಾಗೆ, ರ‍್ಯಾಂಕ್ ಕಾರ್ಡ್ ಹಿಡಿದು ಜನ ಬರುತ್ತಾರೆ. ಪ್ರಶ್ನೆ ಒಂದೇ: "ಸೀಟ್ ಸಿಗತೈತೇನ್ರಿ ಸರ?"

ಇಂದು ಬಂದವರು ಒಬ್ಬ ಬಸ್ ಕಂಡಕ್ಟರು, ಅವರ ಹೆಂಡತಿ, ಮಗಳು. ಕಂಡಕ್ಟರು ಸವದತ್ತಿ ಕಡೆಯ ಗಾಡಿಯಲ್ಲಿ ಡ್ಯೂಟಿ ಮಾಡುವವರು. ಖಾಕಿ ಅಂಗಿ ಇನ್ನೂ ಮೈಮೇಲಿದೆ, ರಟ್ಟೆಯ ಹತ್ತಿರ ಒದ್ದೆಯಾಗಿ ಕಪ್ಪಗಾಗಿದೆ. ಹುಡುಗಿ ಲ್ಯಾಪ್‌ಟಾಪನ್ನು ಮಗುವನ್ನು ತಂದಂತೆ ಅವ್ವನ ಸೆರಗಿನಡಿ ಇಟ್ಟು ತಂದಿದ್ದಾಳೆ. ಅದು ಅವಳ ಮಾವನ ಮಗನದು, ಎರಡು ದಿನದ ಕಡ. ಅವಳ ರ‍್ಯಾಂಕು ಎಷ್ಟೆಂದು ನಿಮಗೆ ಹೇಳಲಾರೆ. ಬಂದ ಕೂಡಲೇ ಅವಳು ಹಾಕಿದ ಕರಾರು ಅದೊಂದೇ. "ಯಾರ ಮುಂದೂ ಹೇಳಬ್ಯಾಡ್ರಿ ಸರ." ಓಣಿಯಲ್ಲಿ ಆಗಲೇ ಮೂರು ಬೇರೆ ಬೇರೆ ಸಂಖ್ಯೆಗಳು ಓಡಾಡುತ್ತಿವೆಯಂತೆ.

ಕೂತ ತಕ್ಷಣ ಅಪ್ಪ ಮಾತು ಶುರು ಮಾಡುತ್ತಾರೆ.

"ಮೊನ್ನೆ ಶನಿವಾರ ಮೊದಲನೇ ಮಾಕ್ ಬಂದಾಗ ಧಾರವಾಡ ಐಐಟಿ, ಕಂಪ್ಯೂಟರ್ ಅಂತ ತೋರಿಸಿತ್ರಿ. ಮನ್ಯಾಗ ಪೇಢೆ ತಂದ ಹಂಚಿದ್ವಿ. ಇವತ್ತ ಐದಕ್ಕ ಎರಡನೇ ಮಾಕ್ ಬಂತು. ಅದರಾಗ ಒಂಬತ್ತ ಸಾಲ ಕೆಳಗ ಇಳದೈತಿ. ಎರಡ ದಿನದಾಗ ನಮ್ಮಕಿ ಏನ್ ತಪ್ಪ ಮಾಡ್ಯಾಳ್ರಿ ಸರ?"

ಹುಡುಗಿ ತಲೆ ಎತ್ತುವುದಿಲ್ಲ. ನೋಡಿದಿರಾ, ಅವಳೂ ಅದನ್ನೇ ನಂಬಿದ್ದಾಳೆ. ತಾನೇ ಏನೋ ತಪ್ಪು ಮಾಡಿದ್ದೇನೆ ಎಂದು.

ನಾನು ಮೊದಲು ಚಹಾ ತರಿಸುತ್ತೇನೆ. ಈ ಪ್ರಶ್ನೆಗೆ ಉತ್ತರ ಹೇಳುವ ಮೊದಲು ಎಲ್ಲರ ಕೈಯಲ್ಲೂ ಬಿಸಿಯಾದದ್ದು ಏನಾದರೂ ಇರಬೇಕು.

ಮಾಕ್ ಎಂದರೆ ಅಣಕು ಹಂಚಿಕೆ. ಐಐಟಿ, ಎನ್‌ಐಟಿಗಳ ಸೀಟುಗಳನ್ನೆಲ್ಲ ಒಂದೇ ಕಡೆ ಹಂಚುವ ಜೋಸಾ ಎಂಬ ವ್ಯವಸ್ಥೆ 2015ರಿಂದ ನಡೆದಿದೆ. ಮಕ್ಕಳು ತಮಗೆ ಬೇಕಾದ ಕಾಲೇಜು, ಬ್ರಾಂಚುಗಳನ್ನು ಒಂದರ ಕೆಳಗೊಂದು ಪಟ್ಟಿ ಮಾಡಬೇಕು. ನಿಜವಾದ ಹಂಚಿಕೆಗೆ ಮೊದಲು, ಈ ಕ್ಷಣದ ಪಟ್ಟಿಗಳನ್ನು ಹಿಡಿದು ಹಂಚಿದರೆ ಯಾರಿಗೆ ಏನು ಸಿಕ್ಕೀತು ಎಂದು ಎರಡು ಸಲ ತೋರಿಸುತ್ತಾರೆ. ಶನಿವಾರದ ಮಾಕ್ ಬಂದದ್ದು ಹಿಂದಿನ ರಾತ್ರಿಯವರೆಗೆ ಪಟ್ಟಿ ತುಂಬಿದವರ ಲೆಕ್ಕದ ಮೇಲೆ. ಇವತ್ತಿನದು ನಿನ್ನೆ ಸಂಜೆಯವರೆಗೆ ತುಂಬಿದವರ ಲೆಕ್ಕ. ನಡುವಿನ ಎರಡು ದಿನಗಳಲ್ಲಿ ದೇಶದ ಮೂಲೆಮೂಲೆಯಲ್ಲಿ, ಇದೇ ರೀತಿ ಯಾವುದೋ ಮನೆಯ ಹಜಾರದಲ್ಲಿ ಕೂತು, ಇವಳಿಗಿಂತ ಮುಂದಿನ ರ‍್ಯಾಂಕಿನ ಕೆಲವರು ತಮ್ಮ ಪಟ್ಟಿಯನ್ನು ಮುಗಿಸಿದ್ದಾರೆ, ಅಷ್ಟೇ.

"ಆಕಿ ಏನೂ ಮಾಡಿಲ್ರಿ. ಮಂದಿ ಬಂದ್ರು," ಎನ್ನುತ್ತೇನೆ.

ಅಪ್ಪನ ಮುಖ ಸಡಿಲವಾಗುವುದಿಲ್ಲ. ಟಿವಿಯಲ್ಲಿ ನೀಟ್ ಗಲಾಟೆ ನಡೆದಿದೆ; ನನ್ನ ಹೆಂಡತಿ ದನಿ ತಗ್ಗಿಸಿದ್ದಾಳೆ, ಆರಿಸಿಲ್ಲ. 67 ಮಕ್ಕಳಿಗೆ 720ಕ್ಕೆ 720, 1,563 ಮಂದಿಗೆ ಕೃಪಾಂಕ, ಆ ಕೃಪಾಂಕ ಈಗ ರದ್ದು. ಪರೀಕ್ಷೆಯ ಮೇಲೆಯೇ ನಂಬಿಕೆ ಹೋಗುತ್ತಿರುವ ವಾರದಲ್ಲಿ ನಾನು ಈ ಮನುಷ್ಯನಿಗೆ ರ‍್ಯಾಂಕಿನ ಲೆಕ್ಕ ನಂಬಿ ಎಂದು ಹೇಳಬೇಕಾಗಿದೆ.

"ಅಲ್ರಿ, ಐಐಟಿ ನಮ್ಮೂರಾಗ ಐತಿ. ನಮ್ಮ ಡಿಪೋದಿಂದ ಗಾಡಿ ಹೋಗ್ತಾವು. ನಮ್ಮವರಿಗೆ ಒಂದೀಟ ಕೋಟಾ ಇಲ್ಲೇನ್ರಿ?"

ಇಲ್ಲ. ಪ್ರತಿ ವರ್ಷ ಈ ಪ್ರಶ್ನೆ ಬರುತ್ತದೆ, ಪ್ರತಿ ವರ್ಷ ನನಗೆ ಇಲ್ಲ ಎನ್ನಲು ಕಷ್ಟವಾಗುತ್ತದೆ. 2016ರಲ್ಲಿ ವಾಲ್ಮಿ ಆವರಣದಲ್ಲಿ ತರಗತಿ ಶುರುವಾದಾಗಿನಿಂದ ಈ ಊರು ಅದನ್ನು ತನ್ನದೆಂದು ಎದೆಗೆ ಹಚ್ಚಿಕೊಂಡಿದೆ. 2023ರ ಮಾರ್ಚಿನಲ್ಲಿ ಚಿಕ್ಕಮಲ್ಲಿಗವಾಡದ ಹೊಸ ಕ್ಯಾಂಪಸ್ಸನ್ನು ಪ್ರಧಾನಿ ಉದ್ಘಾಟಿಸಿದರು. ಆದರೆ ಐಐಟಿಗಳಲ್ಲಿ ರಾಜ್ಯದ ಪಾಲು ಎಂಬುದಿಲ್ಲ; ಧಾರವಾಡದ ಹುಡುಗಿಗೂ ರಾಜಸ್ಥಾನದ ಕೋಟಾ ಊರಿನ ಕೋಚಿಂಗ್ ಹಾಸ್ಟೆಲಿನ ಹುಡುಗನಿಗೂ ಒಂದೇ ಸಾಲು. ಅರ್ಧ ಸೀಟು ತನ್ನ ರಾಜ್ಯದವರಿಗೆ ಕೊಡುವುದು ಎನ್‌ಐಟಿ. ನಮಗೆ ಅದು ಸುರತ್ಕಲ್, ಅದಕ್ಕೆ ಜೆಇಇ ಮೇನ್ ರ‍್ಯಾಂಕು ಸಾಕು. ಅವರು ಕೇಳುವ ಮುಂದಿನ ಪ್ರಶ್ನೆಯೂ ನನಗೆ ಗೊತ್ತು, ಅದನ್ನೂ ಮುಗಿಸಿಬಿಡುತ್ತೇನೆ: ನಮ್ಮ ರಾಜ್ಯದ 2ಎ, 3ಎ, 3ಬಿ ದಿಲ್ಲಿಯ ಲೆಕ್ಕಕ್ಕೆ ಹಾಗೇ ಬರುವುದಿಲ್ಲ. ಕೇಂದ್ರದ ಹಿಂದುಳಿದವರ ಪಟ್ಟಿ ಬೇರೆ. ಅದರಲ್ಲಿ ಜಾತಿಯ ಹೆಸರಿರಬೇಕು, ಪ್ರಮಾಣಪತ್ರವೂ ಈ ವರ್ಷದ ಏಪ್ರಿಲ್ 1ರ ನಂತರದ್ದಾಗಿರಬೇಕು. ಇವರ ಜಾತಿ ಆ ಪಟ್ಟಿಯಲ್ಲಿಲ್ಲ. ಅಲ್ಲಿಗೆ ಆ ಮಾತು ಮುಗಿಯಿತು.

ಈಗ ಹುಡುಗಿ ತನ್ನ ಮೊಬೈಲನ್ನು ನನ್ನ ಕಡೆ ತಿರುಗಿಸುತ್ತಾಳೆ. ಕೋಚಿಂಗ್‌ನವರು ಕೊಟ್ಟ ಯಾವುದೋ 'ಪ್ರೆಡಿಕ್ಟರ್'. ಹಸಿರು ಪಟ್ಟಿಯಲ್ಲಿ ಬರೆದಿದೆ: ಧಾರವಾಡ, ಕಂಪ್ಯೂಟರ್ ಸೈನ್ಸ್, 62 ಪ್ರತಿಶತ. ಕೆಳಗೆ ಕೆಂಪು ಪಟ್ಟಿಯ ಒಂದಿಷ್ಟು ಹೆಸರುಗಳು. ಅವಳು ಬೆರಳಿನಿಂದ ಕೆಂಪನ್ನು ಬೇಗ ಮೇಲಕ್ಕೆ ಸರಿಸಿಬಿಡುತ್ತಾಳೆ. ಆ ಸರಿಸಿದ್ದನ್ನು ನೀವು ಗಮನಿಸಿದಿರಿ ಎಂದುಕೊಂಡಿದ್ದೇನೆ. ನಾನು ಆಗ ಗಮನಿಸಲಿಲ್ಲ.

"61 ಯಾಕಲ್ಲ? 63 ಯಾಕಲ್ಲ?" ಎಂದು ಕೇಳುತ್ತೇನೆ.

ಅವಳು ನಗುತ್ತಾಳೆ. ಇವತ್ತಿನ ಮೊದಲ ನಗು.

ನನ್ನದು ಹಳೆಯ ಪದ್ಧತಿ. ರೂಲು ಹಾಕಿದ ನೋಟುಬುಕ್ಕು, ಎರಡು ಬಣ್ಣದ ಪೆನ್ನು. ಹಿಂದಿನ ವರ್ಷಗಳ ಕ್ಲೋಸಿಂಗ್ ರ‍್ಯಾಂಕುಗಳನ್ನು ಜೋಸಾದವರೇ ಸುತ್ತು ಸುತ್ತಿಗೆ ಪ್ರಕಟಿಸಿದ್ದಾರೆ, ಅದನ್ನು ತೆರೆಯಲು ಹೇಳುತ್ತೇನೆ. ಅಪ್ಪ ಕುರ್ಚಿ ಎಳೆದು ಹತ್ತಿರ ಬರುತ್ತಾರೆ. ಅವ್ವ ಕದಲುವುದಿಲ್ಲ; ಬಾಗಿಲ ಪಕ್ಕದ ಚಾಪೆಯ ಮೇಲೆ ಕೂತು ನನ್ನ ಹೆಂಡತಿಯೊಡನೆ ಮಾತಾಡುತ್ತಿದ್ದಾಳೆ, ಕಿವಿ ಮಾತ್ರ ಇತ್ತ.

"ಮೊದಲ ಇಡೀ ಗುಂಪು ನೋಡೂಣು," ಎಂದು ಬರೆಯುತ್ತೇನೆ. ಈ ವರ್ಷ ಜೆಇಇ ಮೇನ್ ಬರೆದವರು 14 ಲಕ್ಷಕ್ಕೂ ಹೆಚ್ಚು. ಅದರಲ್ಲಿ ಐಐಟಿ ಪ್ರವೇಶದ ಪರೀಕ್ಷೆ ಅಡ್ವಾನ್ಸ್‌ಡ್‌ಗೆ ಕೂರಲು ಅವಕಾಶ ಮೊದಲ ಎರಡೂವರೆ ಲಕ್ಷ ಮಂದಿಗೆ. ಮೇ 26ರಂದು ಎರಡೂ ಪೇಪರಿಗೆ ಕೂತವರು 1,80,200. ರ‍್ಯಾಂಕ್ ಪಟ್ಟಿಗೆ ಬಂದವರು 48,248. ಅವರಲ್ಲಿ ಹುಡುಗಿಯರು 7,964. 23 ಐಐಟಿಗಳ ಒಟ್ಟು ಸೀಟು 17,740.

ಅಪ್ಪ 48,248 ಮತ್ತು 17,740ರ ಮೇಲೆ ಬೆರಳಿಟ್ಟು ನಿಲ್ಲುತ್ತಾರೆ. "ಪಾಸಾದಾವ್ರು ನಲವತ್ತೆಂಟ ಸಾವಿರ, ಸೀಟ್ ಹದಿನೇಳ ಸಾವಿರ?"

"ಹೌದ್ರಿ. ಪಾಸು ಅಂದ್ರ ಸಾಲಿನಾಗ ನಿಂದ್ರಾಕ ಪರವಾನಗಿ."

"ನಾವು ಪೇಢೆ ಹಂಚಿದ್ದು ಪರವಾನಗಿಗೆ ಅಂದಂಗಾತು."

ಇನ್ನು ಕ್ಲೋಸಿಂಗ್ ರ‍್ಯಾಂಕು. ಎಂದರೆ ಕೊನೆಯ ಸೀಟು ಪಡೆದವರ ರ‍್ಯಾಂಕು. ಇಲ್ಲಿ ಸ್ವಲ್ಪ ಹೊತ್ತು ನಿಲ್ಲೋಣ, ಏಕೆಂದರೆ ಎಲ್ಲರೂ ಎಡವುವುದು ಇಲ್ಲಿಯೇ. ಕಳೆದ ವರ್ಷ ಮುಂಬೈ ಐಐಟಿಯ ಕಂಪ್ಯೂಟರ್ ಸೈನ್ಸ್ ಸಾಮಾನ್ಯ ವರ್ಗದಲ್ಲಿ 67ನೇ ರ‍್ಯಾಂಕಿಗೆ ಮುಗಿಯಿತು. (ಟಿವಿಯಲ್ಲೂ 67, ಇಲ್ಲೂ 67, ಹುಡುಗಿಗೆ ಇದು ತಮಾಷೆ ಎನಿಸಿತು.) 67 ಎಂದು ಮುಂಬೈಯವರು ಯಾವ ಗೋಡೆಯ ಮೇಲೂ ಬರೆದಿಟ್ಟಿರಲಿಲ್ಲ. ಮೊದಲ ನೂರರೊಳಗಿನ ಮಕ್ಕಳು ಬಹುಪಾಲು ಅದನ್ನೇ ತಮ್ಮ ಪಟ್ಟಿಯ ತುದಿಯಲ್ಲಿ ಬರೆದರು, ಸೀಟುಗಳು ಅಲ್ಲಿಗೆ ತೀರಿದವು. ಅವರಲ್ಲಿ ಇಪ್ಪತ್ತು ಜನ ನಮಗೆ ದಿಲ್ಲಿ ಬೇಕು ಎಂದಿದ್ದರೆ ಆ ಸಂಖ್ಯೆ ಬೇರೆಯಾಗುತ್ತಿತ್ತು, ಪಾಠ ಮಾಡುವ ಮೇಷ್ಟ್ರುಗಳು ಅವರೇ ಇರುತ್ತಿದ್ದರು. ನಾವು ಕಟಾಫ್ ಎಂದು ಕರೆಯುವುದು ಕಳೆದ ವರ್ಷದ ಯಾರೋ ಅಪರಿಚಿತ ಮಕ್ಕಳ ಆಸೆಗಳು ಒಟ್ಟಾಗಿ ಬಿಟ್ಟುಹೋದ ಗುರುತು. ಹೊಳೆ ಇಳಿದ ಮೇಲೆ ಮರದ ಬೊಡ್ಡೆಯ ಮೇಲೆ ಉಳಿಯುವ ಕೆಸರಿನ ಗೆರೆಯಂತೆ. ಈ ವರ್ಷದ ನೀರು ಎಲ್ಲಿಗೆ ಬರುತ್ತದೆಂದು ಆ ಗೆರೆಗೆ ಗೊತ್ತಿರುವುದಿಲ್ಲ; ಆದರೂ ಬೇರೆ ಗೆರೆಯಿಲ್ಲದಾಗ ಅದನ್ನೇ ನೋಡುತ್ತೇವೆ.

ಹಾಗಾಗಿ ಒಂದು ವರ್ಷದ್ದನ್ನು ನಾನು ನೋಡುವುದಿಲ್ಲ, ಮೂರು ವರ್ಷದ್ದನ್ನು ನೋಡುತ್ತೇನೆ. ಮೂರರ ನಡುವೆ ಎಷ್ಟು ಜೋಲಿ ಹೊಡೆದಿದೆ ಎಂಬುದೇ ಮುಖ್ಯ. ಹುಡುಗಿ ಓದುತ್ತಾಳೆ, ನಾನು ಬರೆಯುತ್ತೇನೆ. ಸಾಮಾನ್ಯ ಸಾಲಿನ ಸಂಖ್ಯೆಗಳು ಅಷ್ಟಾಗಿ ಅಲುಗಾಡುವುದಿಲ್ಲ. ಹುಡುಗಿಯರ ಸಾಲಿಗೆ ಬಂದಾಗ ನನ್ನ ಪೆನ್ನು ನಿಧಾನವಾಗುತ್ತದೆ.

2018ರಲ್ಲಿ ಐಐಟಿಗಳು ಹುಡುಗಿಯರಿಗೆಂದು ಹೆಚ್ಚುವರಿ ಸೀಟು ಮಾಡಿದವು. ಇದ್ದ ಸೀಟು ಕಡಿತ ಮಾಡದೆ, ಮೇಲೊಂದಿಷ್ಟು ಸೇರಿಸಿ. ಮೊದಲ ವರ್ಷದ ಗುರಿ ತರಗತಿಯಲ್ಲಿ 14 ಪ್ರತಿಶತ ಹುಡುಗಿಯರು, 2020ಕ್ಕೆ 20. ಒಂದು ಸಣ್ಣ ಐಐಟಿಯ ಒಂದು ಬ್ರಾಂಚು ಎಂದಾಗ ಆ ಸಾಲಿನಲ್ಲಿ ಉಳಿಯುವುದು ಕೈಬೆರಳಿನಲ್ಲಿ ಎಣಿಸುವಷ್ಟು ಸೀಟು. ಅಲ್ಲಿ ಒಬ್ಬಳು ಮನಸ್ಸು ಬದಲಿಸಿ ಬೇರೆ ಕಡೆ ಹೋದರೆ ಸಾಕು, ಕೊನೆಯ ರ‍್ಯಾಂಕು ನೂರಾರು ಹಿಂದಕ್ಕೆ ಜಾರುತ್ತದೆ. ಇಬ್ಬರು ಮನೆಯ ಹತ್ತಿರ ಓದೋಣ ಎಂದರೆ ಅಷ್ಟೇ ಮುಂದಕ್ಕೆ ಬರುತ್ತದೆ. 62 ಪ್ರತಿಶತ ಎಂದು ಹಸಿರು ಬಣ್ಣದಲ್ಲಿ ಬರೆದವನಿಗೆ ಆ ಇಬ್ಬರು ಹುಡುಗಿಯರ ಪರಿಚಯವಿದೆಯೇ?

"ಹಂಗಾರ ನಮ್ಮ ಚಾನ್ಸ್ ಎಷ್ಟಂತ ಬರಕೊಳ್ಳೂಣ್ರಿ?" ಅಪ್ಪ ಬಿಡುವುದಿಲ್ಲ.

ಅದೇ ಹೊತ್ತಿಗೆ ಕರೆಂಟು ಹೋಗುತ್ತದೆ.

ಹೆದರಬೇಡಿ, ಮಾಳಮಡ್ಡಿಯಲ್ಲಿ ಮಳೆ ಎಂದರೆ ಇದು ಇದ್ದದ್ದೇ. ಲ್ಯಾಪ್‌ಟಾಪಿನ ನೀಲಿ ಬೆಳಕು ಹುಡುಗಿಯ ಗದ್ದದ ಕೆಳಗೆ ಬಿದ್ದಿದೆ. ಬ್ಯಾಟರಿ 41 ಎಂದು ತೋರಿಸುತ್ತಿದೆ. ಅವಳು ಪಟಕ್ಕನೆ ಮುಚ್ಚಳ ಮುಚ್ಚುತ್ತಾಳೆ, ಬ್ಯಾಟರಿ ಉಳಿಸಲು. ಕತ್ತಲಲ್ಲಿ ಒಗ್ಗರಣೆಯ ವಾಸನೆ ಬರುತ್ತದೆ. ಹೆಂಡತಿ ಗಿರ್ಮಿಟ್ ಕಲಸುತ್ತಿದ್ದಾಳೆ. ಮೇಣದಬತ್ತಿ ಬರುವವರೆಗೆ ಒಂದು ಮಾತು ಹೇಳುತ್ತೇನೆ, ಇದನ್ನು ಅವರಿಗೆ ಹೇಳುವುದಿಲ್ಲ, ನಿಮಗೆ ಮಾತ್ರ.

ಸಿಇಟಿ 1994ರಲ್ಲಿ ಶುರುವಾದ ಹೊಸತರಲ್ಲಿ ನಾನು ಮಕ್ಕಳನ್ನು ಕರೆದುಕೊಂಡು ರಾತ್ರಿ ಗಾಡಿ ಹತ್ತಿ ಬೆಂಗಳೂರಿಗೆ ಹೋಗುತ್ತಿದ್ದೆ. ಮಲ್ಲೇಶ್ವರದಲ್ಲಿ ಕೌನ್ಸೆಲಿಂಗ್. ಪರದೆಯ ಮೇಲೆ ಸೀಟುಗಳ ಸಂಖ್ಯೆ ಕಣ್ಣೆದುರೇ ಕರಗುತ್ತಿತ್ತು, ನಮ್ಮ ಸರದಿ ಬರುವುದರೊಳಗೆ ಏನು ಉಳಿದಿರುತ್ತದೋ ಎಂದು ಹೊಟ್ಟೆ ಹಿಂಡುತ್ತಿತ್ತು. ಆದರೆ ಅಲ್ಲಿ ಊಹೆಗೆ ಜಾಗವಿರಲಿಲ್ಲ. ಉಳಿದದ್ದು ಕಾಣುತ್ತಿತ್ತು, ಅದರಲ್ಲಿ ಬೇಕಾದದ್ದನ್ನು ಬೆರಳಿಟ್ಟು ತೋರಿಸಿದರೆ ಮುಗಿಯಿತು. ಮನೆಯಲ್ಲೇ ಕೂತು ಮುಂಚಿತವಾಗಿ ಪಟ್ಟಿ ಬರೆಯುವ ಕಾಲ ಬಂದ ಮೇಲೆ ನನ್ನಂಥವರಿಗೆ ಬೆಲೆ ಬಂತು. ಊಹಿಸುವವರಿಗೆ.

ಕೆಲವು ವರ್ಷಗಳ ಹಿಂದೆ ನವಲಗುಂದ ಕಡೆಯ ಒಬ್ಬ ಹುಡುಗ ಇದೇ ಕಟ್ಟೆಯ ಮೇಲೆ, ನೀವು ಕೂತಲ್ಲಿಯೇ ಕೂತಿದ್ದ. ಅವನ ಪಟ್ಟಿಯ ಮೂರನೇ ಸಾಲಿನಲ್ಲಿ ಒಂದು ಹೆಸರಿತ್ತು. ನಾನು ಕಳೆದ ವರ್ಷದ ಸಂಖ್ಯೆ ನೋಡಿ, "ಅದು ನಿನಗ ಆಗೂದಲ್ಲ, ಸುಮ್ಮನ ಯಾಕ ಜಾಗಾ ಹಾಳ ಮಾಡ್ತಿ, ತಗಿ," ಎಂದೆ. ಅವನು ತೆಗೆದ. ನಾನು ಮೇಷ್ಟ್ರು, ಅವನು ಶಿಷ್ಯ. ಆ ವರ್ಷ ಕೊನೆಯ ಸುತ್ತಿನಲ್ಲಿ ಆ ಸೀಟು ಅವನ ರ‍್ಯಾಂಕಿಗಿಂತ ನಲವತ್ತು ಹಿಂದಕ್ಕೆ ಹೋಗಿ ನಿಂತಿತು. ಬರೆದಿದ್ದರೆ ಸಿಗುತ್ತಿತ್ತು. ಈಗ ಅವನಿಗೆ ಒಳ್ಳೆಯ ನೌಕರಿ ಇದೆ, ಪುಣೆಯಲ್ಲಿ ಮನೆ ಮಾಡಿದ್ದಾನೆ. ಪ್ರತಿ ದಸರೆಗೆ ಬಂದು ಕೈಗೆ ಬನ್ನಿ ಕೊಟ್ಟು, ಬಂಗಾರದಂಗ ಇರೂಣ್ರಿ ಸರ, ಎಂದು ಕಾಲು ಮುಟ್ಟುತ್ತಾನೆ. ಆ ಮೂರನೇ ಸಾಲಿನ ಮಾತು ಅವನು ಒಮ್ಮೆಯೂ ಎತ್ತಿಲ್ಲ. ಎತ್ತಿ ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

ಮೇಣದಬತ್ತಿ ಬಂತು, ಗಿರ್ಮಿಟ್ಟೂ ಬಂತು. ಮೆಣಸಿನಕಾಯಿ ಭಜಿ ನಿಮಗೂ ಇದೆ, ತಗೊಳ್ಳಿ.

ಅಪ್ಪ ಕತ್ತಲಲ್ಲಿ ಬೇರೇನೋ ಯೋಚಿಸಿದ್ದಾರೆ. ಭಜಿ ಮುರಿಯುತ್ತಾ ಹೇಳುತ್ತಾರೆ: "ಸರ, ನನಗ ಒಂದ ತಿಳೀತು. ಮ್ಯಾಲಿನ ದೊಡ್ಡ ದೊಡ್ಡ ಹೆಸರೆಲ್ಲಾ ತಗದ, ಧಾರವಾಡ ಕಂಪ್ಯೂಟರ್ ಒಂದನೇ ನಂಬರಿಗೆ ಹಾಕಿಬಿಡೂಣು. ಮೊದಲ ಕೇಳಿದಾವಗ ಮೊದಲ ಕೊಡ್ತಾರಲ್ಲ? ನಾವು ಮ್ಯಾಲಿಂದು ಕೇಳಕೋತ ನಿಂತ್ರ, ಅಷ್ಟರಾಗ ಇದನ್ನ ಬ್ಯಾರೆಯವರು ಹಿಡದಿರ್ತಾರು."

ನನ್ನ ಮನೆಗೆ ಬರುವ ಹತ್ತರಲ್ಲಿ ಎಂಟು ಮಂದಿ ಹೇಳುವ ಮಾತು ಇದು. ಓದಿದವರೂ ಹೇಳುತ್ತಾರೆ, ಬ್ಯಾಂಕ್ ಮ್ಯಾನೇಜರೂ ಹೇಳಿದ್ದಾರೆ. ಜೀವನದ ಅನುಭವವೆಲ್ಲ ಅದನ್ನೇ ಕಲಿಸಿರುತ್ತದೆ. ರೇಷನ್ ಅಂಗಡಿ, ತತ್ಕಾಲ್ ಟಿಕೆಟು, ಎಲ್ಲ ಕಡೆ ಮೊದಲು ಮುಟ್ಟಿದವನಿಗೇ ಸಿಗುವುದು. ಜೋಸಾದಲ್ಲಿ ಮಾತ್ರ ಹಾಗಲ್ಲ ಎಂದು ಹೇಗೆ ನಂಬಿಸುವುದು? ಸೂತ್ರ ಬರೆದು ತೋರಿಸಿ ಸೋತಿದ್ದೇನೆ. ಆದರೆ ಇಂದು ಎದುರಿಗೆ ಕೂತಿರುವವರು ಕಂಡಕ್ಟರು.

"ಸ್ಟ್ಯಾಂಡಿನಾಗ ಗಾಡಿ ಹಚ್ಚಿದ ಕೂಡಲೆ ಏನಾಗತೈತ್ರಿ?"

"ಏನಾಗತೈತಿ, ಕಿಟಕ್ಯಾಗಿಂದ ಟವೆಲ್ ಒಗೀತಾರು. ಶಕ್ತಿ ಯೋಜನೆ ಬಂದ ಹೆಂಗಸರಿಗೆ ಟಿಕೆಟ್ ಪುಕ್ಕಟೆ ಆದ ಮ್ಯಾಲಂತೂ ಎಲ್ಲಮ್ಮನ ಗುಡ್ಡದ ಗಾಡಿಗೆ ಸೀರಿ ಸೆರಗ ಒಂದ ಬಿಟ್ಟ ಎಲ್ಲಾ ಒಗೀತಾರ್ರಿ. ಟವೆಲ್, ಚೀಲ, ಕೂಸು."

"ಟವೆಲ್ ಒಗದಾಂವಂದ ಸೀಟು."

"ಮತ್ತ! ಜಗಳ ಬಿಡಸೋದ ನನ್ನ ಕೆಲಸ."

"ಈಗ ತಿಳಕೊಳ್ರಿ, ನಿಮ್ಮ ಗಾಡ್ಯಾಗ ಎಲ್ಲಾರ ಕೈಯಾಗೂ ನಂಬರಿನ ಚೀಟಿ ಐತಿ. ಯಾರರ ಟವೆಲ್ ಹಾಕಿ ಕೂಡಬಹುದು. ಆದ್ರ ಆಂವಗಿಂತ ಮುಂದಿನ ನಂಬರಿನಾಂವ ಬಂದ್ರ ಎದ್ದ ಬಿಡಬೇಕು. ಎದ್ದಾಂವ ಎಲ್ಲಿ ಹೋಗ್ತಾನ? ತನ್ನ ಪಟ್ಟ್ಯಾಗಿನ ಮುಂದಿನ ಗಾಡಿಗೆ. ಅಲ್ಲಿ ಸೀಟ್ ತುಂಬ್ಯಾವು, ಆದ್ರ ಇವನಕಿಂತ ಹಿಂದಿನ ನಂಬರಿನಾಂವ ಒಬ್ಬ ಕೂತಾನ. ಅವನ್ನ ಎಬ್ಬಸ್ತಾನ. ಆಂವ ತನ್ನ ಮುಂದಿನ ಗಾಡಿಗೆ. ಹಿಂಗ ಏಳೂದು ಕೂಡೂದು ಪೂರಾ ನಿಂತ ಮ್ಯಾಲನ ಎಲ್ಲಾ ಗಾಡಿ ಒಮ್ಮೆಲೆ ಬಿಡೂದು."

ಅಪ್ಪ ತಟ್ಟೆ ಕೆಳಗಿಡುತ್ತಾರೆ. ಆ ಮುಖ ನೋಡಿ. ಹತ್ತು ಸೆಕೆಂಡು ಅವರು ಎಲ್ಲಮ್ಮನ ಗುಡ್ಡದ ಗಾಡಿಯೊಳಗೇ ಇದ್ದಾರೆ, ಒಬ್ಬೊಬ್ಬರನ್ನೇ ಎಬ್ಬಿಸುತ್ತಿದ್ದಾರೆ.

"ಹಂಗಂದ್ರ," ನಿಧಾನವಾಗಿ ಹೇಳುತ್ತಾರೆ, "ಟವೆಲ್ಲಿಗೆ ಬೆಲೀನ ಇಲ್ಲ. ಮೊದಲ ಬ್ಯಾರೆ ಗಾಡಿ ಹತ್ತಿ, ಅಲ್ಲಿ ಎಬ್ಬಿಸಿದ್ರಂತ ತಡಾ ಮಾಡಿ ಈ ಗಾಡಿಗೆ ಬಂದ್ರೂ ನಮ್ಮ ಸೀಟು ನಮಗ."

"ನಂಬರ್ ಮುಂದ ಇದ್ರ."

"ಹಂಗಾರ ದೊಡ್ಡ ಗಾಡಿ ಮೊದಲ ಹತ್ತಿ ನೋಡಾಕ ರೊಕ್ಕಾ ಬೀಳೂದಿಲ್ಲ."

ಇಷ್ಟು ಚೆನ್ನಾಗಿ ನಾನು ಎಂದೂ ಹೇಳಿಲ್ಲ. ಡೇವಿಡ್ ಗೇಲ್ ಮತ್ತು ಲಾಯ್ಡ್ ಶಾಪ್ಲಿ ಎಂಬ ಇಬ್ಬರು ಗಣಿತಜ್ಞರು 1962ರಲ್ಲಿ, ಕಾಲೇಜು ಪ್ರವೇಶ ಮತ್ತು ಮದುವೆಯ ಜೋಡಿಗಳನ್ನು ಒಟ್ಟಿಗೆ ಇಟ್ಟುಕೊಂಡು ಈ ಲೆಕ್ಕವನ್ನು ಬಿಡಿಸಿದರು. 2012ರಲ್ಲಿ ಶಾಪ್ಲಿಗೆ, ಅದನ್ನು ನಿಜ ಜೀವನಕ್ಕೆ ತಂದ ಆಲ್ವಿನ್ ರಾತ್ ಅವರಿಗೆ ಅರ್ಥಶಾಸ್ತ್ರದ ನೊಬೆಲ್ ಬಂತು. ಗೇಲ್ ಅಷ್ಟರಲ್ಲಿ ತೀರಿಕೊಂಡಿದ್ದರು. ಜೋಸಾದ ಯಂತ್ರದೊಳಗೆ ಓಡುವುದು ಅದರದೇ ಒಂದು ರೂಪ. ಇದನ್ನು ಹೇಳಿದಾಗ ಅಪ್ಪ, "ನೊಬೆಲ್ ನಮ್ಮ ಡಿಪೋಕ್ಕ ಬರಬೇಕಿತ್ತು ಬಿಡ್ರಿ," ಎನ್ನುತ್ತಾರೆ. ಚಾಪೆಯ ಮೇಲಿಂದ ಅವ್ವನೂ ನಗುತ್ತಾಳೆ. ಅಷ್ಟರಲ್ಲಿ ಕರೆಂಟು ಬರುತ್ತದೆ.

ಬೆಳಕಿನಲ್ಲಿ ನೋಡಿದರೆ ಹುಡುಗಿ ನಗುತ್ತಿಲ್ಲ.

"ಸರ, ಹಂಗಾರ ತಗದದ್ದನ್ನ ವಾಪಸ್ ಹಾಕಬಹುದಾ?"

"ಏನ್ ತಗದಿ?"

ಅವಳು ಮೊಬೈಲಿನಲ್ಲಿ ಆ ಕೆಂಪು ಪಟ್ಟಿಗೆ ಹೋಗುತ್ತಾಳೆ. ಆಗ ಬೇಗ ಬೇಗ ಸರಿಸಿದ್ದು. ಬೆರಳು ನಿಂತ ಕಡೆ ಬರೆದಿದೆ: ಮದ್ರಾಸ್, ಸಿವಿಲ್ ಎಂಜಿನಿಯರಿಂಗ್.

"ಸಿವಿಲ್ಲಾ?" ಅಪ್ಪನ ದನಿ ಏರುತ್ತದೆ. "ಕಂಪ್ಯೂಟರ್ ಬಿಟ್ಟ?"

ಇದು ಸಣ್ಣ ಮಾತಲ್ಲ. ಈಗ ಎಲ್ಲ ಐಐಟಿಯಲ್ಲೂ ಕಂಪ್ಯೂಟರಿನ ಸೀಟು ಮೊದಲು ತೀರುತ್ತದೆ.  ಅಪ್ಪನಿಗೆ ಸಂಬಳದ ಚಿಂತೆ, ಅದು ತಪ್ಪಲ್ಲ. ಕೋಚಿಂಗ್‌ನಲ್ಲಿ ಎಲ್ಲರ ಪಟ್ಟಿಯೂ ಒಂದೇ ತರಹ ಇರುತ್ತದಂತೆ, ಮೊದಲ ಮೂವತ್ತು ಸಾಲು ಕಂಪ್ಯೂಟರ್, ಮುದ್ರಿಸಿದ ಹಾಳೆಯನ್ನೇ ಕೊಟ್ಟಿದ್ದಾರೆ. ಇವಳೂ ಅದನ್ನೇ ತುಂಬಿದ್ದಾಳೆ. 71 ಸಾಲು. ಅದರಲ್ಲಿ ಅವಳದೆಂಬ ಒಂದೇ ಸಾಲಿತ್ತು. ಕೆಂಪು ಬಣ್ಣ ನೋಡಿ ತೆಗೆದುಬಿಟ್ಟಿದ್ದಾಳೆ.

"ಯಾಕವಾ ಸಿವಿಲ್ಲು?" ನಾನು ಕೇಳುತ್ತೇನೆ.

ಅವಳು ಅಪ್ಪನ ಕಡೆ ನೋಡದೆ ಹೇಳುತ್ತಾಳೆ. "ಹಾರೋಬೆಳವಡಿ ಹಳ್ಳ."

ಅಪ್ಪ ಸುಮ್ಮನಾಗುತ್ತಾರೆ. ನಾನೂ. ಈ ಭಾಗದವರಾದರೆ ನಿಮಗೂ ವಿವರಿಸಬೇಕಿಲ್ಲ. 2019ರ ಆಗಸ್ಟಿನ ಮಳೆಯಲ್ಲಿ ತುಪ್ಪರಿಹಳ್ಳ ಉಕ್ಕಿ, ಹಾರೋಬೆಳವಡಿಯ ಸೇತುವೆ ಬಿದ್ದು ಸವದತ್ತಿ ರಸ್ತೆ ಕಡಿದುಹೋಗಿತ್ತು. ಅಪ್ಪನ ಗಾಡಿ ಆಚೆ ದಂಡೆಯಲ್ಲಿ ಸಿಕ್ಕಿಬಿದ್ದಿತ್ತು. ಫೋನು ಹತ್ತಲಿಲ್ಲ. ಅವಳು ಆಗ ಎಂಟನೆಯದೋ ಒಂಬತ್ತನೆಯದೋ. ಒಂದು ಇಡೀ ರಾತ್ರಿ, ಮರುದಿನ ಮಧ್ಯಾಹ್ನದವರೆಗೆ, ಅವ್ವ ಮಗಳು ಇಬ್ಬರೂ ಬಾಗಿಲಲ್ಲೇ ಕೂತಿದ್ದರಂತೆ. ಇದನ್ನು ಹೇಳುವುದು ಹುಡುಗಿಯಲ್ಲ, ಚಾಪೆಯ ಮೇಲಿನ ಅವ್ವ. ಇವತ್ತು ಅವಳು ಆಡಿದ ಮೊದಲ ಪೂರ್ತಿ ವಾಕ್ಯ ಅದು.

"ಆ ಪುಲ್ ಯಾಕ ಬಿತ್ತು ಅಂತ ಯಾರೂ ಹೇಳಲೇ ಇಲ್ರಿ ಸರ," ಎನ್ನುತ್ತಾಳೆ ಹುಡುಗಿ. "ಮಳಿ ಅಂದ್ರು. ಮಳಿ ಬರೂದ ಗೊತ್ತ ಇರತೈತಲ್ರಿ."

ಗೋಡೆಯ ಗಡಿಯಾರದ ಸದ್ದು ಕೇಳುತ್ತಿದೆಯಲ್ಲವೇ? ಟಿವಿಯನ್ನು ಹೆಂಡತಿ ಯಾವಾಗಲೋ ಆರಿಸಿದ್ದಾಳೆ.

ನಾನು ನೋಟುಬುಕ್ಕು ತೆಗೆದು ಮದ್ರಾಸ್ ಸಿವಿಲ್ಲಿನ ಹುಡುಗಿಯರ ಸಾಲನ್ನು ಬರೆಯುತ್ತೇನೆ. ಮೂರು ವರ್ಷ, ಮೂರು ಸಂಖ್ಯೆ. ಒಂದು ಅವಳ ರ‍್ಯಾಂಕಿನ ಮುಂದೆ, ಒಂದು ಹಿಂದೆ, ಇನ್ನೊಂದು ಕೂದಲೆಳೆಯ ಅಂತರ. ಕೆಂಪು ಬಣ್ಣ ಬಳಿದವನು ಬಹುಶಃ ಒಂದೇ ವರ್ಷ ನೋಡಿದ್ದ. ಅಪ್ಪ ಮತ್ತೆ ಕೇಳುತ್ತಾರೆ, ಈ ಸಲ ಮೆಲ್ಲಗೆ: "ಚಾನ್ಸ್ ಐತೇನ್ರಿ?"

ನವಲಗುಂದದ ಹುಡುಗ ಆ ಕಟ್ಟೆಯ ಮೇಲಿಂದ ನನ್ನನ್ನು ನೋಡುತ್ತಿದ್ದಾನೆ.

"ನನಗ ಗೊತ್ತಿಲ್ರಿ," ಎನ್ನುತ್ತೇನೆ. "ಬರೀಲಿಲ್ಲ ಅಂದ್ರ ಇಲ್ಲ ಅನ್ನೂದಷ್ಟ ಗೊತ್ತು."

ಆಮೇಲಿನ ಒಂದೂವರೆ ಗಂಟೆ ಪೂರಾ ವ್ಯಾಪಾರ. ಅಪ್ಪ ಮಗಳ ನಡುವೆ ಚೌಕಾಶಿ, ನಡುವೆ ನಾನು ದಲಾಲಿ. ಮದ್ರಾಸ್ ಸಿವಿಲ್ಲು ಒಂದನೇ ಸಾಲಿಗೆ ಬೇಕೆಂದು ಅವಳು. ಧಾರವಾಡ ಕಂಪ್ಯೂಟರ್ ಅದರ ಮೇಲಿರಲಿ ಎಂದು ಅಪ್ಪ. ಇಲ್ಲಿ ನಾನು ಎಚ್ಚರಿಸಬೇಕಾಗುತ್ತದೆ: ಮೇಲಿನ ಸಾಲು ಸಿಕ್ಕಿತೆಂದರೆ ಯಂತ್ರ ಕೆಳಗಿನದನ್ನು ನೋಡುವುದೇ ಇಲ್ಲ, ಹಾಗಾಗಿ ಎರಡೂ ಸಿಗುವಂತಿದ್ದರೆ ಯಾವುದು ಬೇಕೋ ಅದನ್ನೇ ಮೇಲೆ ಬರೆಯಿರಿ. ಸಿಗುತ್ತದೋ ಇಲ್ಲವೋ ಎಂಬ ಲೆಕ್ಕವನ್ನೆಲ್ಲ ಪಟ್ಟಿಯ ಬುಡಕ್ಕೆ ಇಟ್ಟುಕೊಳ್ಳಿ. ಕೊನೆಯ ಹದಿನೈದು ಸಾಲು ಏನೇ ಆದರೂ ಸಿಗುವಂಥದ್ದಿರಲಿ, ಸುರತ್ಕಲ್ ಇರಲಿ, ಅಲ್ಲಿ ರಾಜ್ಯದ ಪಾಲು ಕೈಹಿಡಿಯುತ್ತದೆ. ತುದಿಯಲ್ಲಿ ಲೆಕ್ಕ ಬೇಡ. ಸೀಟು ಬಂದ ಮೇಲೆ ಫ್ರೀಜ್ ಒತ್ತಿದರೆ ಇದೇ ಸಾಕೆಂದು ಅರ್ಥ, ಫ್ಲೋಟ್ ಎಂದರೆ ಇದನ್ನು ಹಿಡಿದುಕೊಂಡೇ ಮೇಲಿನದಕ್ಕೆ ಕಾಯುತ್ತೇನೆಂದು, ಸ್ಲೈಡ್ ಎಂದರೆ ಅದೇ ಕಾಲೇಜಿನಲ್ಲಿ ಮೇಲಿನ ಬ್ರಾಂಚು. ಅಪ್ಪನಿಗೆ ಫ್ಲೋಟ್ ತಕ್ಷಣ ತಿಳಿಯಿತು. "ಕುಂತಕೊಂಡ ಮುಂದಿನ ಸೀಟಿನ ಮ್ಯಾಲ ಕಣ್ಣಿಡೂದು."

ಹತ್ತೂವರೆಗೆ ಪಟ್ಟಿ ನಿಂತಿತು. 86 ಸಾಲು. ಒಂದನೆಯದು ಮದ್ರಾಸ್ ಸಿವಿಲ್. ಎರಡನೆಯದು, ಮೂರನೆಯದು ಬೇರೆ ಎರಡು ಹಳೆಯ ಐಐಟಿಗಳ ಸಿವಿಲ್. ನಾಲ್ಕನೆಯದು ಧಾರವಾಡ ಕಂಪ್ಯೂಟರ್. ಅಪ್ಪ ಅಲ್ಲಿಗೆ ಇಳಿದದ್ದು ಅವ್ವ ಎದ್ದು ಬಂದು ಅವರ ಬೆನ್ನ ಹಿಂದೆ ನಿಂತ ಮೇಲೆ. ಆಕೆ ಏನೂ ಹೇಳಲಿಲ್ಲ, ನಿಂತಳು ಅಷ್ಟೆ.

ಪಟ್ಟಿ ಲಾಕ್ ಮಾಡಲು ನಾಳೆ ಸಂಜೆ ಐದರವರೆಗೆ ಸಮಯವಿದೆ. ಆದರೆ ನಾಳೆ ಮಂಗಳವಾರ, ಎಲ್ಲಮ್ಮನ ವಾರ, ಗುಡ್ಡದ ಗಾಡಿ ತುಂಬಿ ತುಳುಕುತ್ತದೆ, ಬೆಳಗಿನ 5.40ಕ್ಕೆ ಅಪ್ಪನ ಡ್ಯೂಟಿ. ಲ್ಯಾಪ್‌ಟಾಪನ್ನೂ ವಾಪಸ್ ಕೊಡಬೇಕು. ಹುಡುಗಿ ಒಂದೊಂದೇ ಸಾಲನ್ನು ಜೋರಾಗಿ ಓದುತ್ತಾಳೆ, ಅಪ್ಪ ಟಿಕೆಟಿನ ಲೆಕ್ಕ ತಾಳೆ ನೋಡುವಂತೆ ನನ್ನ ನೋಟುಬುಕ್ಕಿನಲ್ಲಿ ಒಂದೊಂದಕ್ಕೂ ಗೆರೆ ಹಾಕುತ್ತಾರೆ. ಎಂಬತ್ತಾರನೆಯ ಗೆರೆ ಬಿದ್ದ ಮೇಲೆ ಅವಳು ಬಟನ್ ಒತ್ತುತ್ತಾಳೆ. ಬ್ಯಾಟರಿ 9 ತೋರಿಸುತ್ತಿದೆ. ಪರದೆಯ ಮೇಲೆ ಬಂದದ್ದನ್ನು ಅಪ್ಪ ಮೊಬೈಲಿನಲ್ಲಿ ಎರಡು ಸಲ ಫೋಟೋ ತೆಗೆಯುತ್ತಾರೆ.

ಮಳೆ ನಿಂತಿದೆ, ನೀವೂ ಹೊರಡಬಹುದು. ಕೊಡೆ ಮರೆಯಬೇಡಿ. ಮೊದಲ ಸುತ್ತಿನ ಹಂಚಿಕೆ ಗುರುವಾರ ಬೆಳಿಗ್ಗೆ ಹತ್ತಕ್ಕೆ. ಆ ಹೊತ್ತಿಗೆ ಅಪ್ಪನ ಗಾಡಿ ಹಾರೋಬೆಳವಡಿ ದಾಟಿರುತ್ತದೆ.